ಸಂದರ್ಶನಕ್ಕೆ ಹೊರಟವರಿಗೆ



ಶ್ರಾವಣ ಮಾಸದ ಈ ಪ್ರವಚನಮಾಲೆಯಲ್ಲಿ ಇದುವರೆಗೆ ಅಷ್ಟಾವರಣ, ಪಂಚಾಚಾರಗಳ ವಿಷಯವಾಗಿ ನಮಗೆ ತಿಳಿದಷ್ಟನ್ನು ನಿಮ್ಮ ಮುಂದೆ ಇಟ್ಟೆವು. ಇಂದು ಆ ಕ್ರಮವನ್ನು ಸ್ವಲ್ಪ ಬದಿಗಿರಿಸಿ, ಕೇವಲ ಲೌಕಿಕವೆಂದು ತೋರುವ ಒಂದು ವಿಷಯವನ್ನು ಎತ್ತಿಕೊಳ್ಳುತ್ತೇವೆ. ಅದು ನೌಕರಿಯ ಸಂದರ್ಶನ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆಯಿಂದ ಶ್ರೀಮಠಕ್ಕೆ ಬರುವ ಭಕ್ತರು ಹಿಂದೆ ಮಳೆಯ ಮಾತು ಕೇಳುತ್ತಿದ್ದರು, ಮಗಳ ಮದುವೆಯ ಮಾತು ಕೇಳುತ್ತಿದ್ದರು. ಈಗ ಬರುವ ತಾಯಂದಿರು, "ಅಪ್ಪಾರೆ, ಹುಡುಗನಿಗೆ ಇಂಟರ್‌ವ್ಯೂ ಕಾಗದ ಬಂದದ, ಒಂದೀಟು ವಿಭೂತಿ ಕೊಡ್ರಿ, ಆಶೀರ್ವಾದ ಮಾಡ್ರಿ" ಎನ್ನುತ್ತಾರೆ. ವಿಭೂತಿಯನ್ನು ಕೊಡುತ್ತೇವೆ, ಆಶೀರ್ವಾದವನ್ನೂ ಮಾಡುತ್ತೇವೆ. ಆದರೆ ಆಶೀರ್ವಾದವೆಂಬುದು ಬೀಜವಿದ್ದ ಹೊಲಕ್ಕೆ ಬೀಳುವ ಮಳೆ. ಬಿತ್ತದ ಹೊಲಕ್ಕೆ ಎಷ್ಟು ಮಳೆ ಬಿದ್ದರೂ ಬೆಳೆಯುವುದು ಕರಿಕೆಯೇ.

ಆ ತಾಯಂದಿರ ಮಾತಿನ ಹಿಂದೆ ಎರಡು ಭಯಗಳು ಅಡಗಿವೆ. ನಮ್ಮ ಹುಡುಗ ಹಳ್ಳಿಯವನು, ಕನ್ನಡ ಶಾಲೆಯಲ್ಲಿ ಕಲಿತವನು, ದೊಡ್ಡವರ ಮುಂದೆ ಬಾಯಿ ಬಿಡಲಾರ ಎಂಬುದು ಒಂದು. ಏನು ಓದಿದರೂ ಕಡೆಗೆ ದುಡ್ಡು ಕೊಟ್ಟವರಿಗೇ ನೌಕರಿ, ಹೊಲ ಮಾರಿಯಾದರೂ ಹಣ ಹೊಂದಿಸಬೇಕು ಎಂಬುದು ಇನ್ನೊಂದು. ಮೊದಲನೆಯ ಭಯ ಹುಡುಗನ ನಾಲಗೆಯನ್ನು ಕಟ್ಟುತ್ತದೆ. ಎರಡನೆಯದು ಇಡೀ ಮನೆತನವನ್ನೇ ಮುಳುಗಿಸುತ್ತದೆ. ಈ ಎರಡು ಭಯಗಳನ್ನು ಕುರಿತು ಇಂದು ವಿಚಾರ ಮಾಡೋಣ.

ಮೊದಲು ಶಬ್ದದ ಅರ್ಥವನ್ನು ನೋಡಿರಿ. ಸಂಸ್ಕೃತದಲ್ಲಿ 'ದೃಶ್' ಎಂಬುದು ಧಾತು, ನೋಡು ಎಂದು ಅರ್ಥ. ಅದಕ್ಕೆ 'ಸಮ್' ಎಂಬ ಉಪಸರ್ಗ ಸೇರಿದರೆ ಸಂದರ್ಶನ. ಚೆನ್ನಾಗಿ ನೋಡುವುದು, ಪೂರ್ಣವಾಗಿ ನೋಡುವುದು ಎಂದು ತಾತ್ಪರ್ಯ. ಪರೀಕ್ಷೆ ಎಂಬ ಶಬ್ದದಲ್ಲಿಯೂ 'ಈಕ್ಷ್' ಎಂಬ ನೋಡುವ ಧಾತುವೇ ಇದೆ. 'ಪರಿ' ಎಂದರೆ ಸುತ್ತಲೂ. ಬರೆದ ಪರೀಕ್ಷೆ ನಿಮ್ಮ ಓದಿನ ಸುತ್ತ ನೋಡುತ್ತದೆ. ಸಂದರ್ಶನ ನಿಮ್ಮನ್ನೇ ನೋಡುತ್ತದೆ. ನಾವು ಭಕ್ತರು ದೇವರ ದರ್ಶನಕ್ಕೆ ಹೋಗುವಾಗ ಮೈ ತೊಳೆದು, ಮನಸ್ಸು ಹಗುರು ಮಾಡಿಕೊಂಡು ಹೋಗುತ್ತೇವಷ್ಟೆ? ಸಂದರ್ಶನದಲ್ಲಿ ನೋಡಿಸಿಕೊಳ್ಳಬೇಕಾದವರು ನಾವೇ ಆದ್ದರಿಂದ ಅದಕ್ಕಿಂತ ಹೆಚ್ಚಿನ ಶುದ್ಧಿ ಬೇಕು.

ಸಂದರ್ಶನವೆಂಬುದು ಇಂಗ್ಲಿಷರ ಕಾಲದಿಂದ ಬಂದ ಹೊಸ ಪದ್ಧತಿಯೆಂದು ಕೆಲವರು ತಿಳಿದಿದ್ದಾರೆ. ನಮ್ಮ ಪ್ರಾಚೀನ ಪಾಠಶಾಲೆಗಳಲ್ಲಿ ಶಲಾಕಾ ಪರೀಕ್ಷೆ ಎಂಬುದೊಂದು ಇತ್ತು. ಮಿಥಿಲೆಯ ನ್ಯಾಯಶಾಸ್ತ್ರದ ವಿದ್ಯಾಪೀಠಗಳಲ್ಲಿ ಅದು ಬಹು ಪ್ರಸಿದ್ಧ. ಗುರುವು ತಾಳೆಗರಿಯ ಗ್ರಂಥದ ಕಟ್ಟಿನಲ್ಲಿ ಒಂದು ಕಡ್ಡಿಯನ್ನು ತೂರಿಸುತ್ತಿದ್ದನು. ಆ ಕಡ್ಡಿ ಯಾವ ಗರಿಗೆ ತಾಗಿತೋ ಆ ಗರಿಯ ವಿಷಯವನ್ನು ಶಿಷ್ಯನು ಅಲ್ಲಿಯೇ ನಿಂತು ವಿವರಿಸಬೇಕು. ಬಂಗಾಲದ ವಾಸುದೇವ ಸಾರ್ವಭೌಮನು ಮಿಥಿಲೆಯ ಪಕ್ಷಧರ ಮಿಶ್ರನಲ್ಲಿ ಕಲಿತು ಈ ಪರೀಕ್ಷೆಯಲ್ಲಿ ಗೆದ್ದನೆಂದು ಪಂಡಿತ ಪರಂಪರೆಯಲ್ಲಿ ಹೇಳುತ್ತ ಬಂದಿದ್ದಾರೆ. ಯಾವ ಗರಿಗೆ ಕಡ್ಡಿ ತಾಗುವುದೆಂದು ಮೊದಲೇ ತಿಳಿಯುವಂತಿಲ್ಲ. ಆದ್ದರಿಂದ ಮಹತ್ತ್ವದ ಪ್ರಶ್ನೆಗಳನ್ನಷ್ಟೇ ಆರಿಸಿ ಓದುವ ಉಪಾಯ ಅಲ್ಲಿ ನಡೆಯುತ್ತಿರಲಿಲ್ಲ. ಸಂದರ್ಶನವೂ ಹಾಗೆಯೇ. ಯುದ್ಧ ಬಂದ ಮೇಲೆ ಕತ್ತಿ ಮಸೆಯುವವನಂತೆ, ಕರೆಯ ಕಾಗದ ಬಂದ ಮೇಲೆ ಹತ್ತು ದಿನದಲ್ಲಿ ವ್ಯಕ್ತಿತ್ವ ಬೆಳೆಸಲು ಆಗುವುದಿಲ್ಲ.

ಹಾಗಾದರೆ ಅಲ್ಲಿ ಕುಳಿತವರು ಏನನ್ನು ನೋಡುತ್ತಾರೆ? ಕೇಂದ್ರ ಲೋಕಸೇವಾ ಆಯೋಗವು ಇದನ್ನು ತನ್ನ ಪ್ರಕಟಣೆಯಲ್ಲಿಯೇ ತಿಳಿಸುತ್ತದೆ. ನಾಗರಿಕ ಸೇವೆಯ ಮುಖ್ಯ ಪರೀಕ್ಷೆಗೆ ೧೭೫೦ ಅಂಕ, ವ್ಯಕ್ತಿತ್ವ ಪರೀಕ್ಷೆಗೆ ೨೭೫ ಅಂಕ, ಒಟ್ಟು ೨೦೨೫. ಓದಿನ ಪರೀಕ್ಷೆ ಬರೆವಣಿಗೆಯಲ್ಲಿ ಆಗಿಯೇ ಹೋಗಿರುವುದರಿಂದ ಇಲ್ಲಿ ಮನಸ್ಸಿನ ಎಚ್ಚರ, ವಿಷಯವನ್ನು ಸ್ಪಷ್ಟವಾಗಿ ಮಂಡಿಸುವ ಶಕ್ತಿ, ನಿರ್ಣಯದಲ್ಲಿ ಸಮತೋಲ, ಹಲವು ವಿಷಯಗಳಲ್ಲಿ ಆಸಕ್ತಿ, ಜನರೊಂದಿಗೆ ಕೂಡಿ ನಡೆಯುವ ಗುಣ, ಬುದ್ಧಿಯ ಮತ್ತು ನೀತಿಯ ಪ್ರಾಮಾಣಿಕತೆ ಇವನ್ನು ನೋಡಲಾಗುವುದೆಂದು ಆಯೋಗ ಹೇಳುತ್ತದೆ. ವಕೀಲರು ಸಾಕ್ಷಿಯನ್ನು ಸವಾಲು ಹಾಕಿ ಹಿಂಡುವಂತೆ ಹಿಂಡುವುದಿಲ್ಲ, ಗೊತ್ತಾದ ಉದ್ದೇಶವಿಟ್ಟುಕೊಂಡ ಸಹಜ ಸಂಭಾಷಣೆ ಎಂದೂ ತಿಳಿಸುತ್ತದೆ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿರಿ. ಇಂಗ್ಲಿಷಿನ ಠೀವಿ, ಮೈಬಣ್ಣ, ದುಬಾರಿ ಬಟ್ಟೆ ಇವು ಅದರಲ್ಲಿ ಎಲ್ಲಿಯೂ ಇಲ್ಲ.

ಸೈನ್ಯದ ಅಧಿಕಾರಿಗಳ ಆಯ್ಕೆಯನ್ನು ತೆಗೆದುಕೊಳ್ಳಿರಿ. ನಮ್ಮ ವಿಜಯಪುರದಲ್ಲಿ ೧೯೬೩ರಿಂದ ಸೈನಿಕ ಶಾಲೆ ಇದೆ. ಅಲ್ಲಿ ಕಲಿತ ಮಕ್ಕಳೂ, ಬೇರೆ ಕಡೆ ಕಲಿತ ಮಕ್ಕಳೂ ಅಧಿಕಾರಿಗಳಾಗಬೇಕಾದರೆ ಸೇನೆಯ ಆಯ್ಕೆ ಮಂಡಲಿಯ ಮುಂದೆ ಐದು ದಿನ ಇರಬೇಕಾಗುತ್ತದೆ. ಅಲ್ಲಿ ಮೂವರು ಬೇರೆ ಬೇರೆಯಾಗಿ ಅಭ್ಯರ್ಥಿಯನ್ನು ನೋಡುತ್ತಾರೆ. ಮನಶ್ಶಾಸ್ತ್ರಜ್ಞನು ಬರೆಯಿಸಿ ಅವನ ಮನಸ್ಸನ್ನು ನೋಡುತ್ತಾನೆ. ಸಂದರ್ಶನಾಧಿಕಾರಿಯು ಮಾತನಾಡಿಸಿ ಅವನ ಮಾತನ್ನು ನೋಡುತ್ತಾನೆ. ಮೂರನೆಯವನು ಬಯಲಿನಲ್ಲಿ ಹಗ್ಗ, ಹಲಗೆ, ಪೀಪಾಯಿ ಕೊಟ್ಟು, ಗುಂಪಿನಲ್ಲಿ ಕೆಲಸ ಮಾಡಿಸಿ ಅವನ ನಡೆಯನ್ನು ನೋಡುತ್ತಾನೆ. ಕೊನೆಗೆ ಮೂವರೂ ಕೂಡಿ ತಾವು ಕಂಡದ್ದನ್ನು ಹೋಲಿಸುತ್ತಾರೆ. ಮನಸಾ, ವಾಚಾ, ಕರ್ಮಣಾ ಎಂಬ ನಮ್ಮ ಮಾತನ್ನೇ ಸೈನ್ಯದವರು ಈ ಮೂರು ಪರೀಕ್ಷೆಗಳಿಗೆ ಬಳಸುತ್ತಾರೆ. ಶರಣರು ಎಂಟು ನೂರು ವರ್ಷಗಳ ಹಿಂದೆ ಕೇಳಿದ್ದೂ ಇದನ್ನೇ. ಮನದಲ್ಲಿ ಒಂದು, ನುಡಿಯಲ್ಲಿ ಇನ್ನೊಂದು, ನಡೆಯಲ್ಲಿ ಮತ್ತೊಂದು ಇದ್ದವನನ್ನು ಅವರು ಭಕ್ತನೆಂದು ಒಪ್ಪಲಿಲ್ಲ. ಒಂದು ಗಂಟೆ ನಟಿಸಬಹುದು, ಐದು ದಿನ ನಟಿಸುವುದು ಕಠಿಣ, ಹುಟ್ಟಿದಂದಿನಿಂದ ಹಾಗೆಯೇ ಬದುಕಿದವನಿಗೆ ನಟಿಸಬೇಕಾದ ಅವಶ್ಯಕತೆಯೇ ಇಲ್ಲ.

ಇಲ್ಲಿ ಒಂದು ದೃಷ್ಟಾಂತ. ಛಾಂದೋಗ್ಯ ಉಪನಿಷತ್ತಿನಲ್ಲಿ ಸತ್ಯಕಾಮನ ಕಥೆ ಇದೆ. ಆ ಬಾಲಕನಿಗೆ ವಿದ್ಯೆಯ ಹಂಬಲ. ಗುರುವಿನಲ್ಲಿಗೆ ಹೊರಡುವ ಮುಂಚೆ ತಾಯಿ ಜಬಾಲೆಯನ್ನು ತನ್ನ ಗೋತ್ರವೇನೆಂದು ಕೇಳಿದನು. ಆಕೆ ಹಲವರ ಮನೆಗಳಲ್ಲಿ ಸೇವೆ ಮಾಡಿಕೊಂಡು ಬದುಕಿದವಳು. ಗೋತ್ರ ತನಗೆ ತಿಳಿಯದೆಂದೂ, ತನ್ನ ಹೆಸರು ಜಬಾಲೆ, ಅವನ ಹೆಸರು ಸತ್ಯಕಾಮ, ಅಷ್ಟನ್ನೇ ಹೇಳಿಕೊಳ್ಳಬೇಕೆಂದೂ ತಿಳಿಸಿದಳು. ಹಾರಿದ್ರುಮತ ಗೌತಮ ಋಷಿಯು ಮೊದಲ ಪ್ರಶ್ನೆಯಾಗಿ ಕೇಳಿದ್ದೂ ಗೋತ್ರವನ್ನೇ. ನಾಚಿಕೆಯಿಂದ ಬಾಯಿಗೆ ಬಂದ ಒಂದು ದೊಡ್ಡ ಗೋತ್ರದ ಹೆಸರನ್ನು ಹೇಳಿದ್ದರೆ ಆ ಕ್ಷಣಕ್ಕೆ ಕೆಲಸವಾಗುತ್ತಿತ್ತು. ಅವನು ಹಾಗೆ ಮಾಡದೆ ತಾಯಿ ಹೇಳಿದ್ದನ್ನು ಇದ್ದಂತೆಯೇ ಹೇಳಿಬಿಟ್ಟನು. ಸತ್ಯದಿಂದ ಕದಲದ ಹುಡುಗನೆಂದು ಗುರುವು ಅವನನ್ನು ಒಳಗೆ ಕರೆದುಕೊಂಡನು. ಮಕ್ಕಳೆ, ತಂದೆ ಏನು ಮಾಡುತ್ತಾರೆ ಎಂದು ಕೇಳಿದಾಗ ಕೂಲಿ ಮಾಡುತ್ತಾರೆ, ಕುರಿ ಕಾಯುತ್ತಾರೆ, ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಾರೆ ಎಂದು ಹೇಳಲು ತಲೆ ತಗ್ಗಿಸಬೇಡಿರಿ. ಕಾಯಕವನ್ನು ಪೂಜೆಗೆ ಸಮನೆಂದು ಸಾರಿದ ನಾಡಿನಲ್ಲಿ ಹುಟ್ಟಿದವರು ನೀವು. ತಲೆ ತಗ್ಗಿಸುವುದಾದರೆ ಇಲ್ಲದ್ದನ್ನು ಇದೆಯೆಂದು ಹೇಳಿದಾಗ ತಗ್ಗಿಸಿರಿ.

ಇನ್ನು ನಮ್ಮ ಬಾಗೇವಾಡಿಯ ಬಸವಣ್ಣನವರನ್ನೇ ನೋಡಿರಿ. ಊರು ಬಿಟ್ಟು ಕೂಡಲಸಂಗಮದಲ್ಲಿ ವಿದ್ಯೆ ಪಡೆದರು. ಬಳಿಕ ಮಂಗಳವೇಢೆಗೆ ಹೋಗಿ ಕಲಚುರಿ ಬಿಜ್ಜಳನ ಭಂಡಾರದಲ್ಲಿ ಕರಣಿಕರಾದರು. ಇಂಡಿ, ಚಡಚಣ ಕಡೆಯವರಿಗೆ ಮಂಗಳವೇಢೆ ಬಹಳ ದೂರವಲ್ಲ. ಅದು ಸೊಲ್ಲಾಪುರ ಜಿಲ್ಲೆಯಲ್ಲಿದೆ. ಅವರಿಗೆ ಆ ಕೆಲಸ ದೊರೆತ ಬಗೆಯನ್ನು ನಮ್ಮ ಪರಂಪರೆ ಹೀಗೆ ಹೇಳುತ್ತದೆ: ಲೆಕ್ಕಿಗರು ಕುಳಿತು ಲೆಕ್ಕ ಬರೆಯುತ್ತಿದ್ದರು. ಬಸವಣ್ಣನವರು ಅವರ ಬಳಿ ಕುಳಿತು ನೋಡುತ್ತಿದ್ದರು. ಲೆಕ್ಕದಲ್ಲಿ ಒಂದು ತಪ್ಪು ಬಿದ್ದಿತು. ಅವರು ವಿನಯದಿಂದ ಅದನ್ನು ತೋರಿಸಿಕೊಟ್ಟರು. ತಪ್ಪು ತಪ್ಪೇ ಎಂದು ಹಿರಿಯ ಅಧಿಕಾರಿ ಕಂಡುಕೊಂಡನು, ಅವರನ್ನು ಕೆಲಸಕ್ಕೆ ಇಟ್ಟುಕೊಂಡನು. ಇದರಲ್ಲಿ ನಾವು ಗಮನಿಸಬೇಕಾದ್ದು ಮೂರು ಸಂಗತಿ. ಆ ಕೆಲಸಕ್ಕೆ ಬೇಕಾದ ವಿದ್ಯೆ ಅವರಲ್ಲಿ ಮೊದಲೇ ಸಿದ್ಧವಾಗಿತ್ತು. ಬಾಯಿ ತೆರೆಯುವ ಮುಂಚೆ ಅವರು ಗಮನವಿಟ್ಟು ನೋಡಿದರು, ಕೇಳಿದರು. ತಪ್ಪನ್ನು ಹೇಳಿದರೂ ತಪ್ಪು ಮಾಡಿದವನನ್ನು ಹೀಯಾಳಿಸಲಿಲ್ಲ. ವಿದ್ಯೆ, ಅವಧಾನ, ವಿನಯ. ಸಂದರ್ಶನಕ್ಕೆ ಹೊರಟವರು ಈ ಮೂರನ್ನು ಬುತ್ತಿಯಂತೆ ಕಟ್ಟಿಕೊಂಡು ಹೋಗಬೇಕು.

ಈಗ ಸಿದ್ಧತೆಯ ವಿಚಾರ. ನೀವು ಬರೆದು ಕಳಿಸಿದ ಅರ್ಜಿಯೇ ನಿಮ್ಮ ಮೊದಲ ಪಠ್ಯಪುಸ್ತಕ. ಅದರಲ್ಲಿರುವ ಒಂದೊಂದು ಶಬ್ದದ ಮೇಲೆಯೂ ಪ್ರಶ್ನೆ ಹುಟ್ಟಬಹುದು. ಹವ್ಯಾಸ ಓದುವುದು ಎಂದು ಬರೆದಿದ್ದರೆ, ಕೊನೆಗೆ ಓದಿದ ಪುಸ್ತಕ ಯಾವುದೆಂದು ಕೇಳುತ್ತಾರೆ. ಊರಿನ ಹೆಸರು ಬರೆದಿದ್ದರೆ ಆ ಊರಿನ ಬಗ್ಗೆ ಕೇಳುತ್ತಾರೆ. ನಮ್ಮ ತರುಣರು ಅಮೆರಿಕೆಯ ಅಧ್ಯಕ್ಷನ ಹೆಸರನ್ನು ಬಾಯಿಪಾಠ ಮಾಡುತ್ತಾರೆ, ತಮ್ಮ ಊರ ಹಳ್ಳ ಯಾವ ನದಿಗೆ ಸೇರುತ್ತದೆಂದು ಕೇಳಿದರೆ ಮೇಲೆ ನೋಡುತ್ತಾರೆ. ಇದು ತರವಲ್ಲ.

ಇಂಡಿಯವನಾಗಿದ್ದರೆ ನಿಂಬೆಯನ್ನು ತಿಳಿದಿರಬೇಕು. ಗಿಡ ನೆಟ್ಟು ಎಷ್ಟು ವರ್ಷಕ್ಕೆ ಫಲ, ಬೇಸಿಗೆಯಲ್ಲಿ ನೀರು ಹೇಗೆ, ಬೆಲೆ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ, ದಲಾಲರ ಪಾಲು ಎಷ್ಟು ಎಂಬುದನ್ನು ತಂದೆಯ ಬಾಯಿಂದ ಕೇಳಿ ತಿಳಿದುಕೊಳ್ಳಿರಿ. ಅದೇ ಕಡೆಯ ಹಲಸಂಗಿಯಲ್ಲಿ ಮಧುರಚೆನ್ನರು ಮತ್ತು ಅವರ ಗೆಳೆಯರು ಹೆಣ್ಣುಮಕ್ಕಳು ಬೀಸುವಾಗ ಹಾಡುತ್ತಿದ್ದ ಹಾಡುಗಳನ್ನು ಕೂಡಿಸಿ ೧೯೩೧ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರೆಂಬುದು ತಿಳಿದಿರಲಿ. ಸಿಂದಗಿಯವನಿಗೆ ಭೀಮೆಯ ಮಹಾಪೂರವೂ ಗೊತ್ತು, ಬರವೂ ಗೊತ್ತು. ಒಂದೇ ತಾಲೂಕಿನಲ್ಲಿ ಎರಡೂ ಏಕೆ ಬರುತ್ತವೆಂದು ವಿಚಾರ ಮಾಡಿರಬೇಕು. ಭೀಮೆಯ ಆಚೆಯ ಕಲಬುರಗಿ ಜಿಲ್ಲೆಗೆ ಸಂವಿಧಾನದ ೩೭೧ಜೆ ವಿಧಿಯ ಅನುಕೂಲವಿದೆ, ಈಚೆಯ ನಮ್ಮ ಜಿಲ್ಲೆಗೆ ಇಲ್ಲ. ಅದು ಹಳೆಯ ಹೈದರಾಬಾದ ಸಂಸ್ಥಾನ, ಇದು ಹಳೆಯ ಮುಂಬಯಿ ಪ್ರಾಂತ. ಈ ಚರಿತ್ರೆಯನ್ನು ದ್ವೇಷವಿಲ್ಲದೆ ನಾಲ್ಕು ವಾಕ್ಯಗಳಲ್ಲಿ ಹೇಳಬಲ್ಲವನು ಒಳ್ಳೆಯ ಅಭ್ಯರ್ಥಿ.

ಮುದ್ದೇಬಿಹಾಳ, ತಾಳೀಕೋಟೆ ಕಡೆಯವರಿಗೆ ೧೫೬೫ರ ಯುದ್ಧದ ಸಂಗತಿ ತಿಳಿದಿರಬೇಕು. ಡೋಣಿ ನದಿಯ ಎರೆಭೂಮಿ, ಅದರ ಉಪ್ಪುನೀರು, ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಹಿರಿಯರ ಗಾದೆ ಇವೂ ತಿಳಿದಿರಬೇಕು. ಬಾಗೇವಾಡಿ ಭಾಗದವರು ಆಲಮಟ್ಟಿಯನ್ನು ಬಿಡುವಂತೆಯೇ ಇಲ್ಲ. ೧೯೬೪ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಣೆಕಟ್ಟು ಅದು. ಈಗ ನೀರು ನಿಲ್ಲಿಸುವುದು ೫೧೯.೬ ಮೀಟರಿನವರೆಗೆ, ಕೃಷ್ಣಾ ಎರಡನೆಯ ನ್ಯಾಯಾಧಿಕರಣವು ೨೦೧೦ರಲ್ಲಿ ೫೨೪.೨೫೬ ಮೀಟರಿಗೆ ಅನುಮತಿಯನ್ನು ಹೇಳಿತು. ಆ ನಾಲ್ಕೂವರೆ ಮೀಟರಿನ ನಡುವೆ ಎಷ್ಟು ಹಳ್ಳಿಗಳ ಮುಳುಗಡೆ, ಎಷ್ಟು ಹೊಲಗಳ ನೀರಾವರಿ, ಎಷ್ಟು ರಾಜ್ಯಗಳ ಜಗಳ ಅಡಗಿದೆಯೆಂಬುದನ್ನು ಓದಿಕೊಳ್ಳಿರಿ. ಕೂಡಗಿಯಲ್ಲಿ ೨೪೦೦ ಮೆಗಾವ್ಯಾಟಿನ ವಿದ್ಯುತ್ ಸ್ಥಾವರವಿದೆ. ಅದರಿಂದ ಬಂದ ಬೆಳಕೂ ನಿಮಗೆ ಗೊತ್ತು, ಬೂದಿಯೂ ಗೊತ್ತು. ಎರಡನ್ನೂ ತೂಗಿ ಹೇಳುವುದಕ್ಕೇ ನಿರ್ಣಯದ ಸಮತೋಲ ಎನ್ನುವುದು. ಪುಸ್ತಕದಿಂದ ಓದಿದವನು ಪುಸ್ತಕದಷ್ಟೇ ಹೇಳಬಲ್ಲ. ಹೊಲದಲ್ಲಿ ನಿಂತವನ ಮಾತಿಗೆ ಬೇರೆ ತೂಕವಿದೆ. ಹಳ್ಳಿ ನಿಮಗೆ ಕೊರತೆಯೆಂದು ತಿಳಿದಿದ್ದೀರಲ್ಲ, ಸಂದರ್ಶನದ ಕೋಣೆಯಲ್ಲಿ ಅದೇ ನಿಮ್ಮ ಆಸ್ತಿ.

ಭಾಷೆಯ ಭಯ ಇನ್ನೊಂದು. ನಾಗರಿಕ ಸೇವೆಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ವ್ಯಕ್ತಿತ್ವ ಪರೀಕ್ಷೆಯನ್ನೂ ಕನ್ನಡದಲ್ಲಿಯೇ ಕೊಡಬಹುದು. ಅದಕ್ಕೆ ಆಯೋಗವೇ ಅವಕಾಶ ಮಾಡಿಕೊಟ್ಟಿದೆ. ಇಂಗ್ಲಿಷು ಬೇಕಾದ ಕೆಲಸಕ್ಕೆ ಇಂಗ್ಲಿಷನ್ನು ಕಲಿಯಲೇಬೇಕು, ಅದರಲ್ಲಿ ಹಟ ಬೇಡ. ದಿನಾಲು ಅರ್ಧ ಗಂಟೆ ಗಟ್ಟಿಯಾಗಿ ಓದಿರಿ, ಇಬ್ಬರು ಗೆಳೆಯರು ಎದುರುಬದುರು ಕುಳಿತು ಪ್ರಶ್ನೆ ಕೇಳಿಕೊಳ್ಳಿರಿ. ಆದರೆ ಬಾರದ ಭಾಷೆಯಲ್ಲಿ ದೊಡ್ಡ ಶಬ್ದ ಹುಡುಕುವುದಕ್ಕಿಂತ ಬಂದಷ್ಟರಲ್ಲಿ ಚಿಕ್ಕ ವಾಕ್ಯ ಹೇಳುವುದು ಲೇಸು. ಇನ್ನು ನಮ್ಮ ಕಡೆಯ ಕನ್ನಡವನ್ನು ಬೆಂಗಳೂರಿನವರು ನಕ್ಕಾರೆಂಬ ಸಂಕೋಚ. ಗ್ರಂಥದ ಕನ್ನಡವನ್ನು ಸಭೆಯಲ್ಲಿ ಬಳಸುವುದು ಕಲಿಯಿರಿ, ಅದು ಸಭಾಮರ್ಯಾದೆ. ಮಾತಿನ ನಡುವೆ ಊರಿನ ಧಾಟಿ ಇಣುಕಿದರೆ ಅದಕ್ಕಾಗಿ ಬೆವರುವ ಕಾರಣವಿಲ್ಲ.

ಉತ್ತರ ಹೇಳುವ ಬಗೆಯನ್ನು ನ್ಯಾಯಶಾಸ್ತ್ರ ಸೊಗಸಾಗಿ ತಿಳಿಸಿದೆ. ಗೌತಮ ಮುನಿಯು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಸತ್ಯವನ್ನು ತಿಳಿಯಬೇಕೆಂದು ಮಾಡುವುದು ವಾದ. ಹೇಗಾದರೂ ಗೆಲ್ಲಬೇಕೆಂದು ಮಾಡುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವನನ್ನು ಕೆಡವುವುದಷ್ಟೇ ವಿತಂಡ. ಸಂದರ್ಶಕನು ಬೇಕೆಂದೇ ನಿಮ್ಮ ಮಾತಿಗೆ ವಿರೋಧ ಹೇಳುತ್ತಾನೆ. ಆಗ ಸಿಟ್ಟಾಗಿ ಜಲ್ಪಕ್ಕೆ ಇಳಿದವನು ಕೆಟ್ಟ. ಹೆದರಿ ತನ್ನ ಮಾತನ್ನು ತಟ್ಟನೆ ಬಿಟ್ಟವನೂ ಕೆಟ್ಟ. "ತಾವು ಹೇಳಿದ್ದರಲ್ಲಿ ಈ ಅಂಶ ಸರಿ, ಆದರೂ ನನಗೆ ಹೀಗೆ ತೋರುತ್ತದೆ, ಕಾರಣ ಇದು" ಎನ್ನುವವನು ವಾದದಲ್ಲಿ ನಿಂತವನು. ತಿಳಿಯದ ಪ್ರಶ್ನೆ ಬಂದರೆ ತಿಳಿಯದು ಎಂದು ಮುಖದಲ್ಲಿ ಬೇಸರವಿಲ್ಲದೆ ಹೇಳಿರಿ. ಹತ್ತು ಪ್ರಶ್ನೆಗಳಲ್ಲಿ ಎರಡಕ್ಕೆ ತಿಳಿಯದೆಂದು ಹೇಳಿದವನ ಉಳಿದ ಎಂಟು ಉತ್ತರಗಳನ್ನು ಜನ ನಂಬುತ್ತಾರೆ.

ಹೆಣ್ಣುಮಕ್ಕಳಿಗೆ ವಿಶೇಷವಾಗಿ ಒಂದು ಮಾತು. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಿ ಅವಳ ಪರವಾಗಿ ಹೇಳುವ ತಂದೆಯಿರಲಿಲ್ಲ, ಗಂಡನಿರಲಿಲ್ಲ, ಒಡವೆಯಿರಲಿಲ್ಲ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಎಂಥ ಕಠೋರ ಪ್ರಶ್ನೆಗಳನ್ನು ಹಾಕಿದರೆಂಬುದನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ. ಅವಳ ಬದುಕಿನ ಬಗ್ಗೆ, ಅವಳ ದೇಹದ ಬಗ್ಗೆ, ಅವಳು ಬಿಟ್ಟುಬಂದ ಮನೆಯ ಬಗ್ಗೆ ಕೇಳಿದರು. ಅಕ್ಕ ಅಳಲಿಲ್ಲ, ಸಿಡಿಯಲಿಲ್ಲ, ಒಂದೊಂದಕ್ಕೂ ನಿಂತು ಉತ್ತರ ಹೇಳಿದಳು. ಕೊನೆಗೆ ಪ್ರಶ್ನೆ ಕೇಳಿದವರೇ ಅವಳ ನಿಲುವಿಗೆ ತಲೆಬಾಗಿದರು. ಪ್ರಭುದೇವರು ಕೇಳಿದ್ದು ಅವಳನ್ನು ಕುಗ್ಗಿಸುವುದಕ್ಕಲ್ಲ, ಅವಳ ಎತ್ತರವನ್ನು ಸಭೆಗೆ ಕಾಣಿಸುವುದಕ್ಕೆ. ಇಂದು ಅವಳ ಹೆಸರಿನ ಮಹಿಳಾ ವಿಶ್ವವಿದ್ಯಾಲಯವೇ ನಮ್ಮ ವಿಜಯಪುರದಲ್ಲಿ ೨೦೦೩ರಿಂದ ನಡೆದಿದೆ. ಮದುವೆ ಯಾವಾಗ, ಮಕ್ಕಳಾದರೆ ಕೆಲಸ ಹೇಗೆ ಎಂದು ಹೆಣ್ಣುಮಕ್ಕಳನ್ನು ಕೇಳುವವರು ಈಗಲೂ ಇದ್ದಾರೆ. ಗಂಡುಮಕ್ಕಳಿಗೆ ಕೇಳದ ಪ್ರಶ್ನೆಯನ್ನು ಹೆಣ್ಣುಮಕ್ಕಳಿಗೆ ಕೇಳುವುದು ನ್ಯಾಯವಲ್ಲ. ಆದರೂ ಕೇಳಿದರೆ ಅಕ್ಕನನ್ನು ನೆನೆದು, "ಕೆಲಸವನ್ನು ಒಪ್ಪಿಕೊಂಡ ಮೇಲೆ ಅದನ್ನು ಪೂರ್ತಿ ಮಾಡುವುದು ನನ್ನ ಹೊಣೆ" ಎಂದು ಶಾಂತವಾಗಿ ಹೇಳಿರಿ. ತಂದೆತಾಯಿಗಳೂ ಇಲ್ಲಿ ತಮ್ಮ ಪಾಲನ್ನು ಅರಿಯಬೇಕು. ಮಗನನ್ನು ಬೆಂಗಳೂರಿಗೆ ಕಳಿಸುವಾಗ ತೋರುವ ಧೈರ್ಯವನ್ನು ಮಗಳನ್ನು ಕಳಿಸುವಾಗಲೂ ತೋರಿರಿ.

ಸಣ್ಣ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಮೂಲ ಕಾಗದಪತ್ರಗಳನ್ನು ಒಂದು ವಾರ ಮುಂಚೆಯೇ ಜೋಡಿಸಿಡಿರಿ. ಜಾತಿ, ಆದಾಯದ ಪ್ರಮಾಣಪತ್ರಗಳ ಅವಧಿ ಮುಗಿದಿಲ್ಲವೆಂದು ನೋಡಿಕೊಳ್ಳಿರಿ. ಎಲ್ಲ ಪತ್ರಗಳಲ್ಲಿ ಹೆಸರು ಒಂದೇ ತೆರನಾಗಿರಲಿ. ನಮ್ಮ ಕಡೆ ಅಡ್ಡಹೆಸರು ಒಂದು ಪತ್ರದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಬಂದು ಎಷ್ಟೋ ಮಕ್ಕಳು ತೊಂದರೆಪಟ್ಟಿದ್ದಾರೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬೆಳಿಗ್ಗೆ ಇಳಿದು ನೇರವಾಗಿ ಸಂದರ್ಶನಕ್ಕೆ ಹೋಗಬೇಡಿರಿ. ಒಂದು ದಿನ ಮುಂಚೆ ತಲುಪಿ, ಸ್ಥಳವನ್ನು ಕಣ್ಣಾರೆ ನೋಡಿಕೊಂಡು, ಹಗುರವಾಗಿ ಉಂಡು ಮಲಗಿರಿ. ಬಟ್ಟೆ ಹೊಸದಾಗಿರಬೇಕೆಂದಿಲ್ಲ, ಒಗೆದದ್ದಾಗಿರಬೇಕು. ಒಳಗೆ ಹೋಗುವ ಮುಂಚೆ ಐದು ನಿಮಿಷ ಕಣ್ಣು ಮುಚ್ಚಿ ಇಷ್ಟಲಿಂಗವನ್ನು ಧ್ಯಾನಿಸಿರಿ. ಬೇರೆ ಮತದವರು ತಮ್ಮ ದೇವರನ್ನು ನೆನೆಯಲಿ. ಉಸಿರು ನಿಂತಲ್ಲಿ ಮನಸ್ಸು ನಿಲ್ಲುತ್ತದೆ, ಮನಸ್ಸು ನಿಂತಲ್ಲಿ ಮಾತು ತಾನಾಗಿ ಬರುತ್ತದೆ.

ಇನ್ನು ಎರಡನೆಯ ಭಯ, ಹಣದ ಭಯ. ಇದನ್ನು ಹಿರಿಯರು ಕಿವಿಗೊಟ್ಟು ಕೇಳಬೇಕು. ಊರೂರಿಗೆ ತಿರುಗಾಡುವ ಕೆಲವು ದಲಾಲರು, "ಸಂದರ್ಶನದಲ್ಲಿ ನಮ್ಮವರಿದ್ದಾರೆ, ಇಷ್ಟು ಕೊಟ್ಟರೆ ಆಯಿತು" ಎನ್ನುತ್ತಾರೆ. ಅದನ್ನು ನಂಬಿ ನಾಲ್ಕೆಕರೆ ಹೊಲ ಮಾರಿದ ಮನೆಗಳಿವೆ, ತಾಯಿಯ ಮೈಮೇಲಿನ ಬಂಗಾರ ಒತ್ತೆಗೆ ಹೋದ ಮನೆಗಳಿವೆ. ನೌಕರಿಯೂ ಬರಲಿಲ್ಲ, ಹಣವೂ ಬರಲಿಲ್ಲ, ಯಾರ ಮುಂದೆ ಹೇಳಿಕೊಳ್ಳುವಂತೆಯೂ ಇಲ್ಲ. ಏಕೆಂದರೆ ಕೊಟ್ಟವನೂ ಅಪರಾಧಿಯೇ. ೨೦೧೮ರಲ್ಲಿ ಲಂಚ ನಿರೋಧದ ಕಾನೂನಿಗೆ ಆದ ತಿದ್ದುಪಡಿಯ ಪ್ರಕಾರ ಲಂಚ ಕೊಟ್ಟವನಿಗೂ ಏಳು ವರ್ಷದವರೆಗೆ ಸೆರೆವಾಸ ಆಗಬಹುದು. ಒತ್ತಾಯಕ್ಕೆ ಸಿಕ್ಕು ಕೊಟ್ಟವನು ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ಅವನಿಗೆ ರಕ್ಷಣೆ.

ಇನ್ನೊಂದು ವಿಷಯ ತಿಳಿದಿರಲಿ. ಕೇಂದ್ರ ಸರಕಾರದ ಕೆಳದರ್ಜೆಯ ಹುದ್ದೆಗಳಿಗೆ, ಅಂದರೆ ಸಿ ವರ್ಗಕ್ಕೂ ಬಿ ವರ್ಗದ ಪತ್ರಾಂಕಿತವಲ್ಲದ ಹುದ್ದೆಗಳಿಗೂ, ೨೦೧೬ರ ಜನವರಿ ೧ರಿಂದ ಸಂದರ್ಶನವೇ ಇಲ್ಲ. ಇಲ್ಲದ ಸಂದರ್ಶನದ ಹೆಸರಿನಲ್ಲಿ ಹಣ ಕೇಳುವವನು ಶುದ್ಧ ವಂಚಕ. ಇದ್ದ ಕಡೆಯಲ್ಲಿಯೂ ಸಂದರ್ಶನದ ಅಂಕಗಳಿಗೆ ಸರ್ವೋಚ್ಚ ನ್ಯಾಯಾಲಯ ಮಿತಿ ಹಾಕುತ್ತ ಬಂದಿದೆ. ೧೯೬೪ರಲ್ಲಿ ನಮ್ಮ ಮೈಸೂರು ರಾಜ್ಯದ್ದೇ ಚಿತ್ರಲೇಖಾ ಎಂಬ ಮೊಕದ್ದಮೆಯಲ್ಲಿ, ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನ ಇಡಬಹುದೇ ಎಂಬ ಪ್ರಶ್ನೆ ಬಂದು, ಬಹುಮತದ ತೀರ್ಪು ಸಂದರ್ಶನ ಪದ್ಧತಿಯನ್ನು ಒಪ್ಪಿತು. ೧೯೮೦ರಲ್ಲಿ ಅಜಯ ಹಾಸಿಯಾ ಮೊಕದ್ದಮೆಯಲ್ಲಿ, ಎರಡು ಮೂರು ನಿಮಿಷ ಮಾತನಾಡಿಸಿ ಮೂರರಲ್ಲಿ ಒಂದು ಪಾಲು ಅಂಕ ಕೊಡುವುದು ಅನ್ಯಾಯ, ನೂರಕ್ಕೆ ಹದಿನೈದನ್ನು ಮೀರಬಾರದೆಂದಿತು. ೧೯೮೫ರಲ್ಲಿ ಹರಿಯಾಣದ ಮೊಕದ್ದಮೆಯಲ್ಲಿ, ಕೇಂದ್ರ ಆಯೋಗದಲ್ಲಿ ಅಂದು ಇದ್ದ ೧೨.೨ ಪ್ರತಿಶತವನ್ನೇ ಮಾದರಿಯಾಗಿ ತೋರಿಸಿತು. ಆದ್ದರಿಂದ ನೂರರಲ್ಲಿ ಎಂಬತ್ತೈದು ಪಾಲಿಗೂ ಹೆಚ್ಚು ನಿಮ್ಮ ಲೇಖನಿಯಲ್ಲಿಯೇ ಇದೆ.

ಹಣ ಕೊಟ್ಟು ಗೆದ್ದವರು ಸುಖಪಟ್ಟರೇ? ೨೦೨೧ರ ಅಕ್ಟೋಬರ ೩ರಂದು ನಮ್ಮ ರಾಜ್ಯದಲ್ಲಿ ೫೪೫ ಪಿ.ಎಸ್.ಐ. ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮ ಹೊರಬಿದ್ದು ೨೦೨೨ರ ಏಪ್ರಿಲಿನಲ್ಲಿ ಆಯ್ಕೆ ರದ್ದಾಯಿತು, ಅನೇಕರು ಸೆರೆಮನೆ ಕಂಡರು. ಮರುಪರೀಕ್ಷೆ ಆದದ್ದು ೨೦೨೪ರ ಜನವರಿ ೨೩ರಂದು. ಹಣ ಕೊಟ್ಟವರ ಗತಿ ಹೋಗಲಿ. ಪ್ರಾಮಾಣಿಕವಾಗಿ ಬರೆದು ಆಯ್ಕೆಯಾಗಿದ್ದ ಬಡ ಮಕ್ಕಳೂ ಎರಡು ವರ್ಷಕ್ಕೂ ಹೆಚ್ಚು ಕಾಲ ಕಣ್ಣೀರು ಹಾಕಿದರು. ನೀವು ಕೊಡುವ ಲಂಚ ಯಾವುದೋ ಸರಕಾರಕ್ಕೆ ಆಗುವ ನಷ್ಟವೆಂದು ತಿಳಿಯಬೇಡಿರಿ. ಅದು ನಿಮ್ಮ ಮಗನ ಹಾಗೆಯೇ ದೀಪದ ಬುಡದಲ್ಲಿ ಓದಿದ ಇನ್ನೊಬ್ಬ ತಾಯಿಯ ಮಗನ ತಟ್ಟೆಯ ಅನ್ನ. ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸದೆ ಮರಳಿ ಸುರಿದುಬರುವಂತೆ ಕಳಿಸಿದಳು. ನಮ್ಮ ತಾಯಂದಿರು ಲಕ್ಕಮ್ಮನಾದರೆ ಯಾವ ದಲಾಲನೂ ನಮ್ಮ ಊರಿನ ಅಗಸೆ ದಾಟಲಾರನು. ಹೊಲ ಮಾರಲು ಹೊರಟ ಗಂಡನ ಕೈಯನ್ನು ಹಿಡಿಯಿರಿ. ನೌಕರಿ ಇಂದಲ್ಲ ನಾಳೆ ಬಂದೀತು, ಹೋದ ಹೊಲ ಬರುವುದಿಲ್ಲ.

ಸಿದ್ಧತೆ ಚೆನ್ನಾಗಿಯೇ ಇತ್ತು, ಸಂದರ್ಶನವೂ ಚೆನ್ನಾಗಿ ಆಯಿತು, ಆದರೂ ಆಯ್ಕೆಯಾಗಲಿಲ್ಲ ಎಂದು ಬಂದು ಕೂಡುವ ಮಕ್ಕಳಿದ್ದಾರೆ. ಅವರ ಮುಖವನ್ನು ನೋಡಿದರೆ ನಮಗೂ ಸಂಕಟವಾಗುತ್ತದೆ. ಒಂದು ಹುದ್ದೆಗೆ ನೂರು ಜನ ಯೋಗ್ಯರಿದ್ದರೆ ತೊಂಬತ್ತೊಂಬತ್ತು ಯೋಗ್ಯರು ಹೊರಗೆ ಉಳಿಯಲೇಬೇಕು. ಅದು ಅಂಕಗಣಿತ, ನಿಮ್ಮ ಬೆಲೆಯ ತೀರ್ಪಲ್ಲ. ಸೋತ ಮಗನ ಮುಂದೆ ಗೆದ್ದ ನೆರೆಮನೆಯವನ ಹೆಸರು ಎತ್ತಬೇಡಿರಿ. ಒಂದು ವಾರ ಅವನನ್ನು ಸುಮ್ಮನೆ ಬಿಡಿರಿ, ಒಟ್ಟಿಗೆ ಕುಳಿತು ಉಣ್ಣಿರಿ. ಬಳಿಕ ಎಲ್ಲಿ ತಡವರಿಸಿದೆನೆಂದು ಅವನೇ ಬರೆದಿಡಲಿ, ಮುಂದಿನ ಸಲಕ್ಕೆ ಅದೇ ಗುರು. ಕೆಲಸವೆಂದರೆ ಸರಕಾರಿ ನೌಕರಿಯೊಂದೇ ಎಂಬ ಭ್ರಮೆಯನ್ನೂ ಬಿಡಬೇಕು. ಬಸವಣ್ಣನವರ ಮಂಟಪದಲ್ಲಿ ಕರಣಿಕರೂ ಕುಳಿತಿದ್ದರು. ಅಂಬಿ ನಡೆಸುವವರು, ಹಗ್ಗ ಹೊಸೆಯುವವರು, ಬಟ್ಟೆ ಒಗೆಯುವವರೂ ಅದೇ ಸಾಲಿನಲ್ಲಿ ಕುಳಿತಿದ್ದರು.

ಆಯ್ಕೆಯಾದವರಿಗೂ ಒಂದು ಮಾತು. ಸತ್ಯಕಾಮನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಒಳಗೆ ಕರೆದುಕೊಂಡ ಗುರುವು ಅವನಿಗೆ ಮೊದಲು ಕೊಟ್ಟದ್ದು ನಾಲ್ಕು ನೂರು ಬಡಕಲು ಆಕಳುಗಳನ್ನು. ಅವು ಸಾವಿರವಾಗುವವರೆಗೆ ಮರಳಿ ಬರುವುದಿಲ್ಲವೆಂದು ಹೇಳಿ ಅವನು ಅಡವಿಗೆ ಹೊಡೆದುಕೊಂಡು ಹೋದನು. ನಿಮಗೂ ಮೊದಲು ಸಿಕ್ಕುವುದು ಬಡಕಲು ಆಕಳುಗಳೇ: ದೂರದ ಊರು, ಹಳೆಯ ಕಡತಗಳು, ಸಿಟ್ಟಿನ ಮೇಲಧಿಕಾರಿ. ಅವನ್ನು ಸಾವಿರ ಮಾಡಿ ತರುವುದೇ ಕಾಯಕ. ಮುಂದೊಂದು ದಿನ ನಿಮ್ಮಲ್ಲಿ ಕೆಲವರು ಮೇಜಿನ ಆಚೆಯ ಕುರ್ಚಿಯಲ್ಲಿ ಕುಳಿತುಕೊಳ್ಳುವಿರಿ. ಆಗ ಹಳ್ಳಿಯಿಂದ ಬಂದ ಮಗುವೊಂದು ಬೆವರುತ್ತ ಒಳಗೆ ಬಂದರೆ ಮೊದಲು ಕುಳಿತುಕೊಳ್ಳಲು ಹೇಳಿರಿ, ನೀರು ಕೊಡಿಸಿರಿ, ಊರಿನ ಮಳೆಬೆಳೆ ಕೇಳಿರಿ. ಆಮೇಲೆ ಎಷ್ಟು ಕಠಿಣ ಪ್ರಶ್ನೆಯನ್ನಾದರೂ ಹಾಕಿರಿ.

ಕರೆಯ ಕಾಗದ ಹಿಡಿದು ಕಾದಿರುವ ಮಕ್ಕಳೆಲ್ಲರಿಗೂ ಬಸವಾದಿ ಪ್ರಮಥರು ನಿಶ್ಚಲವಾದ ಬುದ್ಧಿಯನ್ನೂ, ನಿರ್ಭಯವಾದ ವಾಣಿಯನ್ನೂ, ಕಳಂಕವಿಲ್ಲದ ಕೈಯನ್ನೂ ಕರುಣಿಸಲಿ ಎಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇವೆ. ಎಲ್ಲರಿಗೂ ಶುಭವಾಗಲಿ. ಶರಣು ಶರಣಾರ್ಥಿ.